ಪುಟ ಸಾಕುವುದು

ಬೆಂಗಳೂರಿನಲ್ಲಿ ಹಲಸೂರಿಗೂ ಹಲಸೂರು ಗೇಟಿಗೂ ನಡುವೆ ನಾಲ್ಕೈದು ಕಿಲೋಮೀಟರ್ ಅಂತರವಿದೆ. ಗೇಟ್ ಇರುವುದು ಹಳೆಯ ಪೇಟೆಯ ಮಗ್ಗುಲಲ್ಲಿ. ಪೇಟೆಗೆ ಕೋಟೆಯಿದ್ದ ಕಾಲದಲ್ಲಿ ಹಲಸೂರಿನ ಕಡೆ ಮುಖ ಮಾಡಿದ್ದ ಬಾಗಿಲು ಅದು. ಬಾಗಿಲು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಪೊಲೀಸ್ ಠಾಣೆಯ ಫಲಕದ ಮೇಲೆ ಉಳಿದಿದೆ. ಹಲಸೂರಿನ ನೆಂಟರ ಮನೆಗೆಂದು ಹೊರಟವರು ಈ ಗೇಟಿನ ಬಳಿ, ಕಾರ್ಪೊರೇಷನ್ ಹತ್ತಿರ ಇಳಿದು, ಗುಡಿ ಎಲ್ಲಿ, ಕೆರೆ ಎಲ್ಲಿ ಎಂದು ಫೋನು ಮಾಡುವುದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ. ನನ್ನ ವೆಬ್‌ಸೈಟ್ ಶುರುವಾದದ್ದು ಅಂಥವರಿಗೊಂದು ಉತ್ತರ ಕೊಡಲೆಂದು. ಆಗ ಇದ್ದದ್ದು ಒಂದೇ ಪುಟ. ಹಲಸೂರು ಎಲ್ಲಿದೆ, ಯಾವ ಬಸ್ಸು ಹತ್ತಬೇಕು, ಸೋಮೇಶ್ವರನ ಗುಡಿಗೆ ಯಾವ ಬೀದಿ ಹಿಡಿಯಬೇಕು, ಅಷ್ಟೇ.

ಆ ಪುಟ ಇಪ್ಪತ್ತು ವರ್ಷ ದಾಟಿ ಈಗ ಬೀದಿಗೊಂದು ಪುಟವಾಗಿ ಹಬ್ಬಿದೆ. ಬಜಾರ್ ಸ್ಟ್ರೀಟ್, ಗೌತಮಪುರ, ಜೋಗುಪಾಳ್ಯ, ಕೆರೆ ದಂಡೆಯ ಕೆನ್ಸಿಂಗ್ಟನ್ ರಸ್ತೆ, ಅಲ್ಲಿನ ಗುರುದ್ವಾರ, ಮದ್ರಾಸ್ ಸ್ಯಾಪರ್ಸ್ ದಂಡಿನ ಆವರಣದೊಳಗಿರುವ ಕೆಂಪೇಗೌಡರ ಕಾಲದ ಗೋಪುರ, ಹಿಂದೆ ನಾಕ್ಸ್‌ಪೇಟೆ ಅನ್ನಿಸಿಕೊಂಡು ಆಮೇಲೆ ಮರ್ಫಿ ಟೌನ್ ಆದ ಜಾಗ, ಎಲ್ಲಕ್ಕೂ ಒಂದೊಂದು ಪುಟವಿದೆ. ಬೀದಿಯ ಈಗಿನ ಹೆಸರು, ಹಿರಿಯರು ಕರೆಯುವ ಹೆಸರು, ಅಲ್ಲಿನ ಗುಡಿ, ಮಸೀದಿ, ಚರ್ಚು, ಶಾಲೆ, ಯಾರು ಏನು ಹೇಳಿದರು, ಯಾವಾಗ ಹೇಳಿದರು ಎಂಬುದನ್ನೆಲ್ಲ ಅಲ್ಲಿ ಬರೆದಿಡುತ್ತೇನೆ. ಇದು ನನ್ನ ಉದ್ಯೋಗವಲ್ಲ. ಜಾಹೀರಾತು ಇಲ್ಲ, ಆದಾಯವಿಲ್ಲ. ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ, ಭಾನುವಾರಗಳಲ್ಲಿ ಕೂತು ಮಾಡುವಂಥದ್ದು. ಅದರಲ್ಲಿ ಹೊಸದಾಗಿ ಬರೆಯುವ ಹೊತ್ತಿಗಿಂತ, ಬರೆದದ್ದನ್ನು ಓದುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದಕ್ಕೆ ಹಿಡಿಯುವ ಹೊತ್ತೇ ಹೆಚ್ಚು. ಆ ಎರಡನೆಯ ಕೆಲಸದ ಮೇಲೆ ನನಗೆ ಬಹಳ ಪ್ರೀತಿ. ಅದರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಕ್ಷರದ ವಿಷಯ ಹೇಳಬೇಕು. ಕನ್ನಡದಲ್ಲಿ ಸೈಟು ನಡೆಸುವವರ ಅರ್ಧ ಆಯುಷ್ಯ ಅದರಲ್ಲೇ ಹೋಗಿದೆ.

ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆ ಶುರುಮಾಡಿದ್ದು 1996ರಲ್ಲಿ. ಶೇಷಾದ್ರಿವಾಸು ಅವರ ‘ಬರಹ’ ಬಂದದ್ದು 1998ರಲ್ಲಿ. ಇವೆರಡೂ ಒಬ್ಬೊಬ್ಬರು ತಾವಾಗಿ ಹೊತ್ತುಕೊಂಡ ಕೆಲಸಗಳೇ. ಆ ಕಾಲದ ಕನ್ನಡ ಪುಟಗಳಲ್ಲಿ ನಿಜಕ್ಕೂ ಕನ್ನಡ ಇರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಇಟ್ಟು, ಅವು ಕನ್ನಡದಂತೆ ಕಾಣುವ ಹಾಗೆ ಫಾಂಟ್ ಮಾಡಿರುತ್ತಿದ್ದರು. ಫಾಂಟ್ ಹಾಕಿಕೊಂಡವರಿಗೆ ಕನ್ನಡ ಕಾಣುತ್ತಿತ್ತು, ಉಳಿದವರಿಗೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಹುಡುಕುವ ಮಾತೇ ಇಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಎಂಬ ಯೂನಿಕೋಡ್ ಫಾಂಟ್ ಬಂತು. ಆದರೂ ಸಿ.ಡಿ. ಹಾಕಿ ಭಾರತೀಯ ಭಾಷೆಗಳ ಬೆಂಬಲವನ್ನು ಬೇರೆಯಾಗಿ ಸೇರಿಸಿಕೊಂಡರಷ್ಟೇ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿದ್ದವು. ಬ್ರೌಸಿಂಗ್ ಸೆಂಟರಿನಲ್ಲಿ ಓದುವವರಿಗೆ ಆ ಸಿ.ಡಿ. ಎಲ್ಲಿಂದ ಬರಬೇಕು? ನನ್ನ ಮೊದಲ ಪುಟಗಳೂ ಹಾಗಾಗಿ ಹಳೆಯ ಫಾಂಟಿನಲ್ಲೇ ಇದ್ದವು.

ಅವನ್ನು ಯೂನಿಕೋಡಿಗೆ ತಂದದ್ದು ನನ್ನ ಮಟ್ಟಿಗೆ ದೊಡ್ಡ ಪಾಠ. ಹಳೆಯ ಫಾಂಟಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ. ಯೂನಿಕೋಡಿನಲ್ಲಿ ಬಾಯಿ ಉಚ್ಚರಿಸುವ ಕ್ರಮದಲ್ಲಿರುತ್ತವೆ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಯಕಾರದ ಆಮೇಲೆ ಕಾಣುತ್ತದೆ, ಉಚ್ಚಾರದಲ್ಲಿ ರಕಾರವೇ ಮೊದಲು. ಆದ್ದರಿಂದ ಒಂದು ಚಿಹ್ನೆಗೆ ಇನ್ನೊಂದನ್ನು ಇಟ್ಟುಬಿಟ್ಟರೆ ಮುಗಿಯುವುದಿಲ್ಲ, ಸ್ಥಾನಪಲ್ಲಟ ಮಾಡಬೇಕು. ಈ ಕಷ್ಟವನ್ನು ತಮ್ಮದೆಂದು ಹೊತ್ತು ಪರಿವರ್ತಕಗಳನ್ನು ಬರೆದವರು ನಮ್ಮಲ್ಲಿದ್ದಾರೆ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟ್‌ಗಳನ್ನು ಮಾಡಿದ ಅರವಿಂದ ವಿ. ಕೆ. ಅವರು ಅಂಥವರಲ್ಲೊಬ್ಬರು. ಅವರಂಥವರ ಕೋಡ್ ಎಲ್ಲರಿಗೂ ಸಿಗುವ ಹಾಗೆ ಇಲ್ಲದಿದ್ದರೆ ನೂರಾರು ಸಣ್ಣ ಸೈಟುಗಳು ಹಳೆಯ ಫಾಂಟಿನೊಳಗೇ ಹೂತುಹೋಗುತ್ತಿದ್ದವು ಎಂದು ನಾನು ನಂಬುತ್ತೇನೆ.

ಪರಿವರ್ತನೆ ಮುಗಿದರೂ ಹುಡುಕಾಟ ಪೂರ್ತಿ ಒಲಿಯಲಿಲ್ಲ. ಗಂಗಾಧರ ಚೆಟ್ಟಿ ರಸ್ತೆಯ ಪುಟ ಕಣ್ಣೆದುರಿಗಿದೆ, ಹುಡುಕಿದರೆ ಸಿಗುವುದಿಲ್ಲ. ಕಾರಣ ಆ ಸೊನ್ನೆ. ಕನ್ನಡದಲ್ಲಿ ಅನುಸ್ವಾರವೂ ಸೊನ್ನೆಯ ಅಂಕಿಯೂ ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಟೈಪ್ ಮಾಡಿ ಕಳಿಸಿದವರು ಗಕಾರದ ಮುಂದೆ ಅಂಕಿಯ ಸೊನ್ನೆ ಒತ್ತಿದ್ದರು. ‘ಬೀದಿ’ ಎಂಬ ಪದದಲ್ಲಿ ಇನ್ನೂ ಸೂಕ್ಷ್ಮ. ಅದರ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಬೇರೆ, ದೀರ್ಘದ ಚಿಹ್ನೆ ಬೇರೆ ಎಂದು ಎರಡು ಸಂಕೇತಗಳಾಗಿಯೂ ಇಡಬಹುದು. ಎರಡೂ ಯೂನಿಕೋಡಿಗೆ ಒಪ್ಪಿತ, ಎರಡೂ ಪರದೆಯ ಮೇಲೆ ಒಂದೇ ಥರ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಏ, ಐ, ಒ, ಓ ಸ್ವರಗಳ ಚಿಹ್ನೆಗಳದ್ದೂ ಇದೇ ಕಥೆ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ವಿಧಾನ ಯೂನಿಕೋಡಿನಲ್ಲೇ ಇದೆ. ಪುಟ ಉಳಿಸುವ ಮೊದಲು ಅದನ್ನು ಓಡಿಸಬೇಕು, ಓದುಗರು ಹುಡುಕು ಪೆಟ್ಟಿಗೆಯಲ್ಲಿ ಬರೆದದ್ದನ್ನೂ ಹಾಗೇ ತಿದ್ದಿಕೊಳ್ಳಬೇಕು. ಹತ್ತು ಸಾಲಿನ ಕೋಡ್. ಆ ಹತ್ತು ಸಾಲು ಬರೆದ ರಾತ್ರಿ, ಅಲ್ಲಿಯವರೆಗೆ ಇದ್ದೂ ಇಲ್ಲದಂತಿದ್ದ ಬೀದಿಗಳೆಲ್ಲ ಒಂದೊಂದಾಗಿ ಹುಡುಕಾಟದಲ್ಲಿ ಬಂದು ನಿಂತಾಗ ಆದ ಸಂತೋಷವನ್ನು ಯಾವ ಹೊಸ ಪುಟವೂ ನನಗೆ ಕೊಟ್ಟಿಲ್ಲ.

ಊರಿನ ಹೆಸರನ್ನೇ ಜನ ಹಲವು ಬಗೆಯಲ್ಲಿ ಬರೆಯುತ್ತಾರೆ. ಹಲಸೂರು, ಅಲಸೂರು, ಇಂಗ್ಲಿಷಿನ ಉಚ್ಚಾರಣೆ ಹಿಡಿದು ಅಲ್ಸೂರ್. ಇಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಓಡಾಡುತ್ತವೆ, ಬೀದಿಯ ಹೆಸರೂ ಬಾಯಿಂದ ಬಾಯಿಗೆ ಆಕಾರ ಬದಲಿಸುತ್ತದೆ. ಯಾವುದು ಸರಿ ಎಂದು ತೀರ್ಪು ಕೊಡುವುದು ನನ್ನ ಪುಟದ ಕೆಲಸವಲ್ಲ. ಪ್ರತಿ ಬೀದಿಗೂ ‘ಬೇರೆ ಹೆಸರುಗಳು’ ಎಂಬ ಸಾಲು ಇಟ್ಟು, ಯಾವ ಹೆಸರಿನಿಂದ ಬಂದವರೂ ಅಲ್ಲಿಗೇ ತಲುಪುವ ಹಾಗೆ ಮಾಡಿದೆ.

ಕನ್ನಡ ಪುಟದ ಅಂದಚೆಂದದಲ್ಲೂ ಇಂಗ್ಲಿಷಿನ ಅಳತೆ ನಡೆಯುವುದಿಲ್ಲ. ಸಿದ್ಧವಾಗಿ ಸಿಗುವ ವಿನ್ಯಾಸಗಳಲ್ಲಿ ಸಾಲುಗಳ ನಡುವಿನ ಜಾಗ ಇಂಗ್ಲಿಷಿಗೆ ಹೊಂದುವಷ್ಟೇ ಇರುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಬಂದರೆ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗೆ ತಗಲುತ್ತದೆ, ಗುಂಡಿಯೊಳಗೆ ಬರೆದರೆ ಒತ್ತು ಕತ್ತರಿಸಿಯೇ ಹೋಗುತ್ತದೆ. ಎರಡೂ ಅಂಚು ಸಮ ಮಾಡಲು ಹೋದರೆ ನಮ್ಮ ಉದ್ದ ಪದಗಳ ನಡುವೆ ದೊಡ್ಡ ದೊಡ್ಡ ಕಂದರ ಬೀಳುತ್ತದೆ. ಬ್ರೌಸರುಗಳ ಹೊಸ ಆವೃತ್ತಿ ಬಂದಾಗಲೆಲ್ಲ ಈ ಪದಗಳಿರುವ ಪರೀಕ್ಷಾಪುಟವೊಂದನ್ನು ತೆರೆದು ನೋಡುವುದು ನನಗೆ ರೂಢಿ. ಇನ್ನೊಂದು ಲೆಕ್ಕವೂ ಇದೆ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕ್ಷ’ ಎಂಬ ಒಂದು ಅಕ್ಷರ ಕ, ವಿರಾಮ, ಷ ಸೇರಿ ಒಂಬತ್ತು ಬೈಟ್. ಇದರ ಮೇಲೆ ಫಾಂಟಿನ ಭಾರ. ಗೌತಮಪುರದಲ್ಲಿ ಕಡಿಮೆ ಬೆಲೆಯ ಫೋನು ಹಿಡಿದು, ದಿನದ ಡೇಟಾ ಮುಗಿಯುವ ಹೊತ್ತಿಗೆ ಪುಟ ತೆರೆಯುವವರು ನನ್ನ ಓದುಗರು. ಅವರಿಗೆ ಪುಟ ತಡವಾಗಿ ಬಂದರೆ ಅದರಲ್ಲಿ ಏನು ಬರೆದಿದ್ದರೂ ಪ್ರಯೋಜನವಿಲ್ಲ. ಅಕ್ಷರ ಕಡಿಮೆ ಮಾಡಲು ಬರುವುದಿಲ್ಲ, ಅದಕ್ಕೆ ಉಳಿದದ್ದನ್ನು ತೆಗೆದೆ. ಜಾರುವ ಚಿತ್ರಗಳು, ತಾನಾಗಿ ತೆರೆದುಕೊಳ್ಳುವ ಪೆಟ್ಟಿಗೆಗಳು, ಯಾರು ಎಷ್ಟು ಸಲ ಬಂದರು ಎಂದು ಎಣಿಸುವ ಕೋಡ್, ಎಲ್ಲ ಹೋದವು. ಪುಟ ಹಗುರವಾಗುತ್ತ ಹೋದ ಹಾಗೆ ಒಳ್ಳೆಯದೂ ಆಗುತ್ತ ಬಂತು.

ಇಷ್ಟು ಅಕ್ಷರಗಳ ಮಾತಾಯಿತು. ಒಳಗಿನ ವಿಷಯ ಹಳತಾಗುವುದು ಇನ್ನೊಂದು ಬಗೆ.

ಹಲಸೂರು ಯಾರ ಆಡಳಿತದಲ್ಲಿದೆ ಎಂಬ ಸುಲಭದ ಪ್ರಶ್ನೆ ತೆಗೆದುಕೊಳ್ಳಿ. ಇದು ದಂಡುಪ್ರದೇಶದ ಭಾಗ, 1947ರವರೆಗೆ ಬ್ರಿಟಿಷರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿಗೆ ಸೇರಿತ್ತು. 1949ರಲ್ಲಿ ಪೇಟೆಯ ಪುರಸಭೆ, ದಂಡಿನ ಪುರಸಭೆ ಎರಡನ್ನೂ ಕೂಡಿಸಿ ನಗರಪಾಲಿಕೆ ಮಾಡಿದರು. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 198 ವಾರ್ಡುಗಳಿದ್ದಾಗ ಹಲಸೂರಿನದು 90ನೆಯದು. 2022ರಲ್ಲಿ ವಾರ್ಡುಗಳು 243 ಎಂದರು, 2023ರಲ್ಲಿ 225 ಎಂದರು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗಿ ಒಡೆದು, ಹಲಸೂರು ಬೆಂಗಳೂರು ಕೇಂದ್ರ ನಗರಪಾಲಿಕೆಗೆ ಬಂತು. ಪ್ರತಿ ಬಾರಿ ಹಳೆಯ ಸಂಖ್ಯೆ ಅಳಿಸಿ ಹೊಸದನ್ನು ಬರೆಯುವುದು ಸುಲಭ. ಆದರೆ ಹಳೆಯ ತೆರಿಗೆ ರಸೀದಿ ಕೈಯಲ್ಲಿ ಹಿಡಿದು, ಇದರಲ್ಲಿರುವ ವಾರ್ಡ್ ಯಾವುದು ಎಂದು ಹುಡುಕುವವರು ಇರುತ್ತಾರೆ. ಆದ್ದರಿಂದ ನಾನು ಯಾವುದನ್ನೂ ಅಳಿಸುವುದಿಲ್ಲ. ಪ್ರತಿ ಸಂಗತಿಯ ಪಕ್ಕದಲ್ಲಿ ‘ಇಂದ’, ‘ವರೆಗೆ’ ಎಂಬ ಎರಡು ಮನೆಗಳಿವೆ. ಸಂಗತಿ ಬದಲಾದರೆ ಹಳೆಯದಕ್ಕೆ ಮುಕ್ತಾಯದ ದಿನಾಂಕ ಬೀಳುತ್ತದೆ, ಕೆಳಗೆ ಹೊಸ ಸಾಲು ಸೇರುತ್ತದೆ. ಮೆಟ್ರೊ ಬಂದಾಗಲೂ ಹಾಗೇ ಮಾಡಿದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ರೈಲು ಓಡಲು ಶುರುವಾಗಿ ಹಲಸೂರಿಗೊಂದು ನಿಲ್ದಾಣ ಸಿಕ್ಕಿತು. ‘ಹೇಗೆ ಬರುವುದು’ ಎಂಬ ಪುಟ ಪೂರ್ತಿ ಬದಲಾಯಿತು. ಅದಕ್ಕೂ ಮುಂಚಿನ ಬಸ್ಸುಗಳ ಪುಟವನ್ನು ಹಾಗೇ ಇಟ್ಟಿದ್ದೇನೆ. ಹಿಂದೆ ಊರಿಗೆ ಜನ ಹೇಗೆ ಬರುತ್ತಿದ್ದರು ಎಂಬುದೂ ಊರಿನ ಚರಿತ್ರೆಯೇ ಅಲ್ಲವೆ?

ಹಬ್ಬದ ಪುಟಕ್ಕೆ ಪ್ರತಿ ಯುಗಾದಿಗೂ ಕೈಹಚ್ಚಬೇಕು. ಬೇಸಿಗೆಯ ಪಲ್ಲಕ್ಕಿ ಉತ್ಸವ ತಿಥಿಯ ಮೇಲೆ ನಿಲ್ಲುವಂಥದ್ದು, ಇಂಗ್ಲಿಷ್ ತಾರೀಖು ವರ್ಷವರ್ಷವೂ ಬೇರೆ. ಲೆಕ್ಕ ಹಾಕಿಕೊಡುವ ಕೋಡ್ ಇದೆ, ಆದರೂ ಗುಡಿಯವರ ಬಾಯಿಂದ ಕೇಳದೆ ನಾನು ದಿನ ಹಾಕುವುದಿಲ್ಲ. ಒಂದು ವರ್ಷ ಬಜಾರ್ ಸ್ಟ್ರೀಟಿನಲ್ಲಿ ಹೂ ಕಟ್ಟುವ ಅಮ್ಮನವರು ನನ್ನನ್ನು ನಿಲ್ಲಿಸಿ, “ದಿನ ಹಾಕಿದ್ದೀಯಲ್ಲ ಕಣಪ್ಪಾ, ಹೊತ್ತೂ ಹಾಕು. ನಮ್ಮ ಬೀದಿಗೆ ಪಲ್ಲಕ್ಕಿ ಬರೋಷ್ಟರಲ್ಲಿ ನಡುರಾತ್ರಿ ಆಗಿರತ್ತೆ. ದೂರದಿಂದ ಮಕ್ಕಳನ್ನ ಕಟ್ಕೊಂಡು ಬರೋರು ಸಂಜೆಯಿಂದ ಕಾಯಬೇಕಾ?” ಎಂದರು. ಅವರ ಮೊಮ್ಮಗಳು ಫೋನಿನಲ್ಲಿ ಪುಟ ತೋರಿಸಿದ್ದಳಂತೆ. “ಹಾಕ್ತೀನಮ್ಮಾ, ಯಾವ ಬೀದಿಗೆ ಯಾವ ಹೊತ್ತು ಅಂತ ನೀವೇ ಹೇಳಿ” ಅಂದೆ. ಅವರು ಅಲ್ಲೇ ಹೂ ಕಟ್ಟುತ್ತ ಕಟ್ಟುತ್ತ, ಯಾವ ಪಲ್ಲಕ್ಕಿ ಎಲ್ಲಿ ನಿಲ್ಲುತ್ತದೆ, ಯಾವ ತಿರುವಿನಲ್ಲಿ ಆರತಿ, ಎಲ್ಲಿ ಪಾನಕ ಎಂದು ಪೂರ್ತಿ ದಾರಿಯನ್ನೇ ಒಪ್ಪಿಸಿಬಿಟ್ಟರು. ನನ್ನ ಸೈಟಿನಲ್ಲಿ ಅತ್ಯಂತ ಹೆಚ್ಚು ಜನ ಓದುವ ಪುಟ ಇಂದಿಗೂ ಅದೇ. ಅದನ್ನು ಬರೆದದ್ದು ಅವರು, ನಾನು ಟೈಪ್ ಮಾಡಿದೆ.

ಹೀಗೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಕೈ ಸೇರಿದಾಗ ಏನಾಗಬಹುದು ಎಂಬುದಕ್ಕೆ ನಮ್ಮೂರಿನಲ್ಲೇ ದೊಡ್ಡ ನಿದರ್ಶನವಿದೆ. ವಿ. ಕೃಷ್ಣ ಎಂಬವರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ಕಟ್ಟಿದರು. ಒಂದೂವರೆ ಲಕ್ಷದಷ್ಟು ಪದಗಳು, ಎರಡು ಲಕ್ಷ ನಲವತ್ತು ಸಾವಿರದಷ್ಟು ಅರ್ಥವಿವರಣೆಗಳು. ಇಂಥ ಕೆಲಸಕ್ಕೆ ಸಂಸ್ಥೆಗಳು ಸಂಪಾದಕ ಮಂಡಳಿ ಕೂರಿಸುತ್ತವೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಹಿಂದೆ ವಿದ್ವಾಂಸರ ದಂಡೇ ಇತ್ತು. ಇಲ್ಲಿ ಒಬ್ಬ ಮನುಷ್ಯ. 2019ರಲ್ಲಿ ಆ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ ಅಂತರಜಾಲಕ್ಕೆ ಬಂತು. ತಂದವರು ಕೈಲಾಶ್ ನಾಧ್. ಅವರು 2010ರಿಂದಲೇ ‘ಓಳಂ’ ಎಂಬ ಮಲಯಾಳಂ ನಿಘಂಟಿನ ಸೈಟನ್ನು ತಮ್ಮ ಸ್ವಂತ ಆಸಕ್ತಿಯಿಂದ ನಡೆಸಿಕೊಂಡು ಬಂದಿದ್ದರು. ಒಂದು ಭಾಷೆಗೆಂದು ವರ್ಷಗಟ್ಟಲೆ ತಿದ್ದಿ ತೀಡಿದ ತಂತ್ರಾಂಶದ ಅನುಭವ ಇನ್ನೊಂದು ಭಾಷೆಗೆ ಒದಗಿತು. ನಿಘಂಟಿನ ದತ್ತಾಂಶವನ್ನೂ ಯಾರು ಬೇಕಾದರೂ ಬಳಸಬಹುದೆಂಬ ಪರವಾನಗಿಯಲ್ಲಿ ಬಿಟ್ಟುಕೊಟ್ಟರು.

ಅಲರ್ ತೆರೆದಾಗಲೆಲ್ಲ ನಾನು ಗಮನಿಸುವುದು ಅಲ್ಲಿ ಪದ ಮತ್ತು ಕೋಡ್ ಎರಡು ಬೇರೆ ವಸ್ತುಗಳಾಗಿ ಇರುವುದನ್ನು. ಕೃಷ್ಣ ಅವರು ಕೆಲಸ ಆರಂಭಿಸಿದ ಕಾಲದಲ್ಲಿ ವೆಬ್ ಎಂಬುದೇ ಇರಲಿಲ್ಲ. ಅವರ ಪದಗಳು ಯಾವ ತಂತ್ರಾಂಶವನ್ನೂ ನಂಬಿ ಹುಟ್ಟಿದವಲ್ಲ. ನಾಳೆ ಈಗಿನ ತಂತ್ರಾಂಶ ಹೋಗಿ ಬೇರೊಂದು ಬಂದರೂ ಪದಗಳು ಅದಕ್ಕೆ ಹೊರಟುಬಿಡುತ್ತವೆ. ‘ವಚನ ಸಂಚಯ’ವನ್ನು ನೋಡಿದರೂ ಹಾಗೇ ಅನ್ನಿಸುತ್ತದೆ. ಓ. ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನ, ಓಂಶಿವಪ್ರಕಾಶ್ ಮತ್ತು ಗೆಳೆಯರ ತಾಂತ್ರಿಕ ದುಡಿಮೆ ಸೇರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕುವ ಹಾಗಾಯಿತು. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ತೋರಿಸುತ್ತದೆ. ಇದರ ಹಿಂದೆಯೂ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬಂದ ಪಠ್ಯವಿದೆ, ಅದನ್ನು ತಿದ್ದಿದವರ ಕಣ್ಣುಗಳಿವೆ.

ಈ ಎರಡು ಸೈಟುಗಳನ್ನು ನೋಡಿ ನನ್ನದನ್ನೂ ಬಿಚ್ಚಿ ಕಟ್ಟಿದೆ. ಮೊದಲು ಬೀದಿಗಳೆಲ್ಲ ಒಂದು ಡೇಟಾಬೇಸಿನೊಳಗೆ ಇದ್ದವು, ಪಿಎಚ್‌ಪಿ ಅವನ್ನು ತೆಗೆದು ತೋರಿಸುತ್ತಿತ್ತು. 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7, ಡೇಟಾಬೇಸಿನ ಜೊತೆ ಮಾತಾಡುವ ಹಳೆಯ ಆಜ್ಞೆಗಳನ್ನು ಕೈಬಿಟ್ಟಿತು. 2018ರ ಕೊನೆಗೆ ಪಿಎಚ್‌ಪಿ 5.6ಕ್ಕೆ ಭದ್ರತೆಯ ತಿದ್ದುಪಡಿಗಳೂ ನಿಂತವು. ಕೋಡನ್ನು ಒಂದೊಂದೇ ಸಾಲು ಬದಲಾಯಿಸುತ್ತ ಹೋಗಬಹುದಿತ್ತು. ಅದರ ಬದಲು ಪ್ರತಿ ಬೀದಿಯನ್ನೂ ಒಂದು ಸಾದಾ ಪಠ್ಯದ ಕಡತವಾಗಿ ಹೊರಗೆ ತೆಗೆದೆ. ಹೆಸರು, ಬೇರೆ ಹೆಸರುಗಳು, ವಾರ್ಡು, ಟಿಪ್ಪಣಿ, ಹೇಳಿದವರು. ಯಾವ ಕಂಪ್ಯೂಟರಿನಲ್ಲೂ, ಯಾವ ವಿಶೇಷ ತಂತ್ರಾಂಶವೂ ಇಲ್ಲದೆ ತೆರೆದು ಓದಬಹುದು. ಈಗ ಒಂದು ಸಣ್ಣ ಪ್ರೋಗ್ರಾಂ ಈ ಕಡತಗಳಿಂದ ಸಿದ್ಧ ಪುಟಗಳನ್ನು ಮಾಡಿ ಸರ್ವರಿನಲ್ಲಿ ಇಡುತ್ತದೆ. ಸರ್ವರಿಗೆ ಪುಟ ಕೊಡುವುದಷ್ಟೇ ಕೆಲಸ. ಒಳನುಗ್ಗುವವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಪ್ರತಿ ತಿದ್ದುಪಡಿಯೂ ಗಿಟ್‌ನಲ್ಲಿ ದಾಖಲಾಗುತ್ತದೆ, ಯಾವ ಸಾಲು ಯಾವಾಗ ಏಕೆ ಬದಲಾಯಿತೆಂದು ಹತ್ತು ವರ್ಷದ ಮೇಲೂ ಹೇಳಬಹುದು.

ನಕಾಶೆಯ ವಿಷಯದಲ್ಲೂ ಇದೇ ದಾರಿ ಹಿಡಿದೆ. ದೊಡ್ಡ ಕಂಪನಿಯೊಂದರ ನಕಾಶೆ ಪುಟದಲ್ಲಿ ಕೂತಿತ್ತು. ಶುಲ್ಕದ ನಿಯಮ ಬದಲಾದ ಮೇಲೆ ಅದನ್ನು ತೆಗೆದು ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿದೆ. ಅದರಲ್ಲಿ ಪ್ರತಿ ಜಾಗಕ್ಕೂ ಕನ್ನಡದ ಹೆಸರನ್ನು ಬೇರೆಯಾಗಿ ಬರೆಯಲು ಅವಕಾಶವಿದೆ, ಯಾರು ಬೇಕಾದರೂ ಬರೆಯಬಹುದು. ಒಂದು ಮಳೆಗಾಲವಿಡೀ ಕೆರೆಯ ಸುತ್ತಲಿನ ಬೀದಿಗಳ ಹೆಸರುಗಳನ್ನು ನಾನೂ ಪಕ್ಕದ ಬೀದಿಯ ಕಾಲೇಜು ಹುಡುಗರಿಬ್ಬರೂ ಸೇರಿ ತುಂಬಿದೆವು. ನನ್ನ ಪುಟಕ್ಕೆಂದು ಮಾಡಿದ ಕೆಲಸ ಆ ನಕಾಶೆ ಬಳಸುವ ಎಲ್ಲರಿಗೂ ಸಿಕ್ಕಿತು. ಸಣ್ಣ ಯೋಜನೆಗಳನ್ನು ಸಾಕುವಾಗ ಸಿಗುವ ಇಂಥ ಹೆಚ್ಚುವರಿ ಫಲ ನನಗೆ ಬಹಳ ಮುಖ್ಯ.

ಉಳಿದ ಪಾಲನೆ ಬೇಗ ಹೇಳಿ ಮುಗಿಸುವಂಥದ್ದು. ವರ್ಷಕ್ಕೊಮ್ಮೆ ಡೊಮೈನ್ ಹಣ ಕಟ್ಟಬೇಕು. 2018ರ ಜುಲೈಯಿಂದ ಕ್ರೋಮ್ ಬ್ರೌಸರು ಎಚ್‌ಟಿಟಿಪಿಎಸ್ ಇಲ್ಲದ ಪುಟಗಳಿಗೆಲ್ಲ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಹಚ್ಚತೊಡಗಿತು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ದೆಸೆಯಿಂದ ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರ ಉಚಿತವಾಗಿ ಸಿಗುತ್ತದೆ. ಅದು 90 ದಿನಕ್ಕೆ ಮುಗಿಯುವಂಥದ್ದು, ತಾನಾಗಿ ನವೀಕರಣವಾಗುವ ಹಾಗೆ ಮಾಡಿಟ್ಟು ಆಗಾಗ ಕಣ್ಣಾಡಿಸಬೇಕು. ಹೊರಗಿನ ಸೈಟುಗಳಿಗೆ ಕೊಟ್ಟ ಲಿಂಕುಗಳು ಸಾಯುತ್ತಿರುತ್ತವೆ, ಅವನ್ನು ಹುಡುಕಿ ಇಂಟರ್ನೆಟ್ ಆರ್ಕೈವ್‌ನ ಪ್ರತಿಗೆ ತಿರುಗಿಸಬೇಕು.

ನನ್ನ ಪುಟಗಳ ವಿಳಾಸಗಳನ್ನು ಮಾತ್ರ ನಾನು ಬದಲಾಯಿಸುವುದಿಲ್ಲ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಒಂದು ಟಿಪ್ಪಣಿ ಬರೆದು ಇದನ್ನು ಕೇಳಿಕೊಂಡಿದ್ದರು. 2009ರ ಅಕ್ಟೋಬರಿನಲ್ಲಿ ಜಿಯೋಸಿಟೀಸ್ ಮುಚ್ಚಿ ಲಕ್ಷಾಂತರ ಜನರ ಸ್ವಂತ ಪುಟಗಳ ವಿಳಾಸಗಳು ಒಮ್ಮೆಲೇ ಇಲ್ಲವಾದದ್ದನ್ನು ಕಂಡ ಮೇಲೆ ನಾನು ಸ್ವಂತ ಡೊಮೈನ್ ಕೊಂಡೆ. ಒಳಗಿನ ವ್ಯವಸ್ಥೆ ಎಷ್ಟು ಬಾರಿ ಬದಲಾದರೂ ಆಗ ಕೊಟ್ಟ ವಿಳಾಸಗಳು ಈಗಲೂ ಕೆಲಸ ಮಾಡುತ್ತವೆ. ಮದುವೆಯ ಕರೆಯೋಲೆಯಲ್ಲಿ ದಾರಿ ತೋರಿಸಲು ನನ್ನ ಪುಟದ ವಿಳಾಸ ಅಚ್ಚುಹಾಕಿಸಿದವರಿದ್ದಾರೆ, ಶಾಲೆಯ ಮಕ್ಕಳು ಯೋಜನಾ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಅಚ್ಚಾದ ಕಾಗದವನ್ನು ನಾನು ಹೋಗಿ ತಿದ್ದಲಾರೆ, ವಿಳಾಸ ಉಳಿಸಿಕೊಳ್ಳುವುದು ನನ್ನ ಕೈಯಲ್ಲಿದೆ.

ಎಲ್ಲ ಕೆಡವಿ ಹೊಸ ಚೌಕಟ್ಟಿನಲ್ಲಿ ಕಟ್ಟು ಎಂದು ಗೆಳೆಯರು ಹೇಳುತ್ತಾರೆ. ಇಂದಿರಾನಗರದ ಕಡೆ ಹತ್ತು ಹೆಜ್ಜೆ ಹಾಕಿದರೆ ಸಾಕು, ಈ ವರ್ಷದ ಹೊಸ ಚೌಕಟ್ಟು ಯಾವುದೆಂದು ಹೇಳುವ ಹತ್ತು ಜನ ಸಿಗುತ್ತಾರೆ. ಅವರ ಉತ್ಸಾಹ ನನಗೆ ಇಷ್ಟ, ಅವರಿಂದ ಕಲಿತದ್ದೂ ಬಹಳ. ಆದರೆ ಹೊಸದಾಗಿ ಕಟ್ಟುವ ಆರು ತಿಂಗಳಲ್ಲಿ ಬೀದಿಗಳ ಬಗ್ಗೆ ಒಂದು ಸಾಲೂ ಸೇರುವುದಿಲ್ಲ, ಅಷ್ಟರಲ್ಲಿ ಹೇಳಬೇಕಾದ ಹಿರಿಯರಲ್ಲಿ ಒಬ್ಬರು ಇಲ್ಲವಾಗಿರುತ್ತಾರೆ. ಗುಡಿಯ ಪಕ್ಕದ ಮಣ್ಣಿನಡಿಯಿಂದ ಕಲ್ಯಾಣಿ ಹೊರಬಂದಾಗ, ಅಲ್ಲಿ ಹಿಂದೆ ಏನಿತ್ತೆಂದು ಕೇಳಿದ್ದು ನೆನಪಿದ್ದವರನ್ನು ಹುಡುಕಿಕೊಂಡು ಹೋದದ್ದೇ ಆ ದಿನಗಳಲ್ಲಿ ಮಾಡಬೇಕಿದ್ದ ಕೆಲಸ. ಹಾಗಾಗಿ ಒಂದು ಸಲಕ್ಕೆ ಒಂದೇ ಭಾಗ ಮುಟ್ಟುತ್ತೇನೆ. ಈ ತಿಂಗಳು ಹುಡುಕಾಟ, ಮುಂದಿನ ತಿಂಗಳು ಚಿತ್ರಗಳು. ಸೈಟು ಒಂದು ದಿನವೂ ಮುಚ್ಚುವುದಿಲ್ಲ.

ಚಿತ್ರಗಳ ಕೆಲಸ ಶುರುವಾದದ್ದು ಒಬ್ಬ ಓದುಗರ ಪತ್ರದಿಂದ. ಅವರಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಪಠ್ಯವನ್ನು ಓದಿ ಹೇಳುವ ತಂತ್ರಾಂಶದ ಸಹಾಯದಿಂದ ಅವರು ಪುಟ ಕೇಳುತ್ತಾರೆ. ಇಸ್ಪೀಕ್ ಎಂಬ ಮುಕ್ತ ಧ್ವನಿ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ. “ಬರಹ ಎಲ್ಲ ಕೇಳಿಸುತ್ತದೆ ಸಾರ್, ಚಿತ್ರ ಬಂದ ಕಡೆ ಬರೀ ‘ಚಿತ್ರ’ ಅನ್ನುತ್ತದೆ, ಗೋಪುರ ಹೇಗಿದೆ ಅಂತ ಹೇಳಿ” ಎಂದು ಬರೆದಿದ್ದರು. ಪ್ರತಿ ಚಿತ್ರಕ್ಕೂ ವಿವರಣೆ ಬರೆಯಲು ಕೂತೆ. ಸೋಮೇಶ್ವರ ಗುಡಿಯ ಗೋಪುರವನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ನೋಡದವರಿಗೆ ಹೇಳಬೇಕಾದಾಗ ಮತ್ತೆ ಹೋಗಿ ಎದುರಿಗೆ ನಿಂತು, ಕೆಳಗಿನಿಂದ ಒಂದೊಂದೇ ಅಂತಸ್ತು ನೋಡಿ ಬರೆದುಕೊಂಡು ಬಂದೆ. ಆ ಓದುಗರು ಮರುಪತ್ರದಲ್ಲಿ ಇನ್ನೂ ಹತ್ತು ಪ್ರಶ್ನೆ ಕೇಳಿದ್ದಾರೆ, ಉತ್ತರ ಬರೆಯುತ್ತಿದ್ದೇನೆ.

ನನ್ನ ನಂತರ ಇದರ ಗತಿ ಏನು ಎಂಬುದಕ್ಕೂ ತಯಾರಿ ಬೇಕು. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಮುಕ್ಕಾಲು ಶತಮಾನದ ಮೇಲೆ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ, ವಿಸ್ತರಿಸಿ, ಮದ್ರಾಸ್ ವಿಶ್ವವಿದ್ಯಾಲಯದ ಮೂಲಕ 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ತಂದರು. ಒಬ್ಬರು ಕಟ್ಟಿದ್ದನ್ನು ಅವರನ್ನು ಕಂಡೇ ಇರದ ಇನ್ನೊಬ್ಬರು ಸಾಕಲು ಸಾಧ್ಯವಾದದ್ದು, ಮೊದಲಿನವರು ಪ್ರತಿ ನಮೂದನ್ನೂ ಬೇರೆಯವರು ಪರೀಕ್ಷಿಸಿ ಮುಂದುವರಿಸುವಷ್ಟು ಅಚ್ಚುಕಟ್ಟಾಗಿ ಬಿಟ್ಟುಹೋದದ್ದರಿಂದ. ನಾನೂ ಕಡತಗಳ ಜೊತೆ ‘ಮೊದಲು ಇದನ್ನು ಓದಿ’ ಎಂಬ ಪುಟವಿಟ್ಟಿದ್ದೇನೆ. ಡೊಮೈನ್ ಎಲ್ಲಿದೆ, ಹಣ ಯಾವಾಗ ಕಟ್ಟಬೇಕು, ಪುಟ ಹೇಗೆ ಕಟ್ಟಬೇಕು, ಯಾವ ಸಂಗತಿ ಇನ್ನೂ ಖಾತ್ರಿಯಾಗಬೇಕಿದೆ, ಎಲ್ಲ ಕನ್ನಡದಲ್ಲಿ. ಬರಹವೆಲ್ಲ ಮುಕ್ತ ಪರವಾನಗಿಯಲ್ಲಿದೆ. ನಕಾಶೆ ತುಂಬಿದ ಹುಡುಗರಲ್ಲಿ ಒಬ್ಬನ ಬಳಿ ಈಗ ಕೀಲಿಗಳಿವೆ. ಹೋದ ದಸರೆಯ ರಜೆಯಲ್ಲಿ ನಾನು ಊರಿನಲ್ಲಿಲ್ಲದಾಗ ಅವನೇ ಒಂದು ತಿದ್ದುಪಡಿ ಸೇರಿಸಿ ಪುಟ ಕಟ್ಟಿದ. ನನ್ನನ್ನು ಒಂದು ಮಾತೂ ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ.

ಸದ್ಯ ಜೋಗುಪಾಳ್ಯದ ಪುಟಗಳು ನಡೆಯುತ್ತಿವೆ. ಅಲ್ಲಿನ ಕೆಲವು ಅಡ್ಡರಸ್ತೆಗಳಿಗೆ ಈಗಿನ ಸಂಖ್ಯೆ ಇದೆ, ಹಳೆಯ ಹೆಸರಿನ ಮನೆ ಖಾಲಿಯಿದೆ. ಅಲ್ಲಿ ಹುಟ್ಟಿ ಬೆಳೆದವರು, ಅಜ್ಜಿ ತಾತ ಏನೆಂದು ಕರೆಯುತ್ತಿದ್ದರು ಎಂದು ನೆನಪಿರುವವರು, ದಯವಿಟ್ಟು ತಿಳಿಸಿ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂಬುದನ್ನೂ ಪಕ್ಕದಲ್ಲೇ ಬರೆಯುತ್ತೇನೆ.